ಚಿನ್ನದ ಕೆಳಗೇನಿದೆ?

ಹುಬ್ಬಳ್ಳಿಯ ದುರ್ಗದ ಬೈಲಿರಲಿ, ಧಾರವಾಡದ ಪೇಟೆಯಿರಲಿ, ಲಗ್ನದ ಹಂಗಾಮಿನಲ್ಲಿ ಚಿನ್ನದ ಲೇಪದ ಒಡವೆಗಳಿಗೆ ಗಿರಾಕಿಗಳು ಹೆಚ್ಚು. ಇಂಥ ಒಡವೆಗಳಲ್ಲಿ ಕೆಲವು ಬೇಗ ಕಪ್ಪಿಡುವುದೇಕೆ?

ತಪ್ಪು ಚಿನ್ನದ್ದಲ್ಲ. ಒಳಗಿನ ಹಿತ್ತಾಳೆಯಲ್ಲಿರುವ ತಾಮ್ರದ ಪರಮಾಣುಗಳು ತೆಳುವಾದ ಚಿನ್ನದ ಪದರವನ್ನು ನಿಧಾನವಾಗಿ ದಾಟಿ ಮೇಲೆ ಬರುತ್ತವೆ. ಗಾಳಿ, ಬೆವರು ತಾಗಿ ಕಪ್ಪಾಗುತ್ತವೆ. ಇದೇ ವಿಸರಣೆ. ಇದನ್ನು ತಡೆಯಲು ನಡುವೆ ನಿಕ್ಕಲ್ ಪದರ ಕೊಡುವುದು ರೂಢಿ. ಅದು ಅಗ್ಗ, ಗಟ್ಟಿ; ಹೊಳಪೂ ಉಂಟು.

ಆದರೆ ಮೇಲಿನ ಚಿನ್ನ ಸವೆದರೆ ಬೆವರು ನಿಕ್ಕಲನ್ನು ಕರಗಿಸುತ್ತದೆ. ಕೆಲವರ ಚರ್ಮಕ್ಕೆ ಅದು ಒಗ್ಗದೆ ತುರಿಕೆ, ಗುಳ್ಳೆ ಏಳುತ್ತವೆ. ಒಮ್ಮೆ ಬಂದ ಈ ಅಲರ್ಜಿ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಆಗತಾನೇ ಚುಚ್ಚಿದ ಕಿವಿಗಂತೂ ಅಪಾಯ ಹೆಚ್ಚು. ಐರೋಪ್ಯ ಒಕ್ಕೂಟ 1994ರಲ್ಲೇ ಆಭರಣದ ನಿಕ್ಕಲಿಗೆ ಕಾನೂನಿನ ಮಿತಿ ಹಾಕಿತು.

ಬದಲಿ ಲೋಹಗಳಿವೆ: ತಾಮ್ರ, ತವರ, ಸತು ಬೆರೆತ ಬಿಳಿ ಕಂಚು, ದುಬಾರಿಯಾದರೂ ಉತ್ತಮವಾದ ಪಲ್ಲೇಡಿಯಂ.

ವಿದ್ಯಾರ್ಥಿಗಳು ಕಾಲೇಜಿನ ಪ್ರಯೋಗಾಲಯದಲ್ಲಿ, ಅಧ್ಯಾಪಕರ ಎದುರಿಗೆ, ಪರೀಕ್ಷಿಸಿ ನೋಡಬಹುದು. ಡೈಮೀಥೈಲ್ ಗ್ಲಯಾಕ್ಸಿಮ್ ದ್ರಾವಣ ಮತ್ತು ಅಮೋನಿಯದಲ್ಲಿ ಅದ್ದಿದ ಹತ್ತಿಯಿಂದ ಒಡವೆಯನ್ನು ಉಜ್ಜಬೇಕು. ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗಿದರೆ ನಿಕ್ಕಲ್ ಹೊರಬರುತ್ತಿದೆ ಎಂದರ್ಥ.

ಮಗಳಿಗೆ ಬೆಂಡೋಲೆ ಕೊಳ್ಳುವ ತಾಯಿತಂದೆಯರು ಲೇಪ ಎಷ್ಟು ದಪ್ಪ ಎಂದು ಕೇಳಿದರೆ ಸಾಲದು. ಅದರ ಕೆಳಗಿನ ಲೋಹ ಯಾವುದೆಂದೂ ಕೇಳಬೇಕು.