ಪಾಯಿಂಟುಗಳ ಲೆಕ್ಕದಲ್ಲಿ ಮಲೆನಾಡಿನ ಪಾಲೆಷ್ಟು?

ವರ್ಷಕ್ಕೆ ಏಳು ದಿನಗಳ ವಿರಾಮವನ್ನು ಇಪ್ಪತ್ತೈದೋ ಐವತ್ತೋ ವರ್ಷಗಳ ಮಟ್ಟಿಗೆ ಮುಂಗಡವಾಗಿ ಕೊಂಡುಬಿಡುವ ವ್ಯವಸ್ಥೆಗೆ ಟೈಮ್‌ಶೇರ್ ಎಂದು ಹೆಸರು. ಕಟ್ಟಡ ಒಂದೇ, ಒಡೆಯರು ಅನೇಕರು. ಅವರು ಹಂಚಿಕೊಳ್ಳುವುದು ಜಾಗವನ್ನಲ್ಲ, ಕಾಲವನ್ನು. ಈ ವ್ಯಾಪಾರ ಹುಟ್ಟಿದ್ದು 1960ರ ದಶಕದಲ್ಲಿ, ಫ್ರಾನ್ಸಿನ ಆಲ್ಪ್ಸ್ ಪರ್ವತದ ಹಿಮಜಾರು ಕೇಂದ್ರವೊಂದರಲ್ಲಿ. ಬೆಟ್ಟದಲ್ಲಿ ಹುಟ್ಟಿದ್ದು ಬೆಟ್ಟಕ್ಕೇ ಮರಳಿ ಬಂದಿರುವುದರಿಂದ ಅದರ ಲೆಕ್ಕಾಚಾರದ ಒಳಗುಟ್ಟನ್ನು ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಜನರು ತಿಳಿದಿರುವುದು ಅಗತ್ಯವಾಗಿದೆ.

ಅಮೆರಿಕದಲ್ಲಿ ಇಂಥ ಪಾಲುದಾರರ ಮುಂದೆ ಪ್ರತಿ ವರ್ಷ ಬರುವ ಪ್ರಶ್ನೆಯೊಂದಿದೆ: ಈ ಬಾರಿ ಥೀಮ್ ಪಾರ್ಕಿಗೆ ಹೋಗುವುದೋ, ಕಡಲತೀರಕ್ಕೋ? ಡಿಸ್ನಿ ಸಂಸ್ಥೆಯು 1991ರಲ್ಲಿ ಫ್ಲಾರಿಡಾದ ತನ್ನ ಥೀಮ್ ಪಾರ್ಕುಗಳ ಬಳಿ ಟೈಮ್‌ಶೇರ್ ಆರಂಭಿಸಿತು. 1995ರಲ್ಲಿ ಅದೇ ರಾಜ್ಯದ ವೀರೋ ಬೀಚ್‌ನಲ್ಲಿ, 1996ರಲ್ಲಿ ದಕ್ಷಿಣ ಕೆರೊಲಿನಾದ ಹಿಲ್ಟನ್ ಹೆಡ್ ದ್ವೀಪದಲ್ಲಿ ಕಡಲಂಚಿನ ವಸತಿಗಳನ್ನೂ ತೆರೆಯಿತು. ಸದಸ್ಯರ ಕೈಯಲ್ಲಿರುವುದು ಹಣವಲ್ಲ, ಪಾಯಿಂಟುಗಳು. ತಾನು ಪಾಲು ಕೊಂಡ ವಸತಿಯಲ್ಲಿ ಹನ್ನೊಂದು ತಿಂಗಳು ಮೊದಲೇ ಕೊಠಡಿ ಕಾದಿರಿಸಬಹುದು. ಮಿಕ್ಕ ವಸತಿಗಳಲ್ಲಿ ಏಳು ತಿಂಗಳು ಮೊದಲು ಮಾತ್ರ. ಮಕ್ಕಳ ವಯಸ್ಸು, ಶಾಲೆಯ ರಜೆ, ಯಾವ ತಿಂಗಳಿಗೆ ಎಷ್ಟು ಪಾಯಿಂಟು ಎಂಬ ಪಟ್ಟಿ, ಪ್ರಯಾಣದ ದೂರ, ಇವಿಷ್ಟನ್ನು ತೂಗಿ ಕುಟುಂಬ ತೀರ್ಮಾನಿಸುತ್ತದೆ. ಮಕ್ಕಳು ಚಿಕ್ಕವರಿದ್ದಾಗ ಥೀಮ್ ಪಾರ್ಕು. ಸರತಿ ಸಾಲಿನಲ್ಲಿ ನಿಂತು ಬೇಸತ್ತ ಮೇಲೆ ಕಡಲು.

ಇದರಲ್ಲಿ ಮಲೆನಾಡಿಗರು ಗಮನಿಸಬೇಕಾದ ಒಂದು ಸಂಗತಿಯಿದೆ. ಪಾಲು ಕೊಂಡವನು ಪ್ರತಿ ವರ್ಷ ನಿರ್ವಹಣಾ ಶುಲ್ಕವನ್ನೂ ತೆರಬೇಕು. ಡಿಸ್ನಿಯ ವಸತಿಗಳ ಪೈಕಿ ವೀರೋ ಬೀಚ್‌ನ ಶುಲ್ಕ ಬಹಳ ಕಾಲದಿಂದಲೂ ಅತಿ ಹೆಚ್ಚಿನವುಗಳಲ್ಲಿ ಒಂದು. ಉಪ್ಪುಗಾಳಿಗೆ ಕಬ್ಬಿಣ ತುಕ್ಕು ಹಿಡಿಯುತ್ತದೆ, ಬಣ್ಣ ಎದ್ದುಹೋಗುತ್ತದೆ, ಚಂಡಮಾರುತದ ವಿಮೆ ದುಬಾರಿ. 2004ರ ಸೆಪ್ಟೆಂಬರ್ ಒಂದೇ ತಿಂಗಳಲ್ಲಿ ಫ್ರಾನ್ಸಿಸ್ ಮತ್ತು ಜೀನ್ ಎಂಬ ಎರಡು ಚಂಡಮಾರುತಗಳು ಆ ಕರಾವಳಿಗೆ ಅಪ್ಪಳಿಸಿದವು. ಕಡಲತೀರದ ಸುಖಕ್ಕೆ ಕಡಲು ವಿಧಿಸುವ ದಂಡ ಹೀಗೆ ಪಾಲುದಾರನ ಬಿಲ್ಲಿನಲ್ಲಿಯೇ ಕಾಣಿಸಿಕೊಳ್ಳುತ್ತದೆ. ಆದ್ದರಿಂದಲೇ ಅಲ್ಲಿನ ಪಾಲನ್ನು ಅನೇಕರು ಅಗ್ಗಕ್ಕೆ ಮಾರುತ್ತಾರೆ. ಪಾಲನ್ನು ಬೇರೆಡೆ ಕೊಂಡು, ಏಳು ತಿಂಗಳಿರುವಾಗ ಕಡಲಿನ ಕೊಠಡಿ ಖಾಲಿಯಿದ್ದರೆ ಹೋಗಿಬರುವುದೇ ಜಾಣತನವೆಂದು ಭಾವಿಸುತ್ತಾರೆ. ಆ ವ್ಯವಸ್ಥೆಯನ್ನು ಯಾರೂ ಹೊಗಳಬೇಕಾಗಿಲ್ಲ. ಆದರೆ ಸ್ಥಳದ ಸವೆತಕ್ಕೆ ಅಲ್ಲಿ ಒಂದು ಬೆಲೆಯಿದೆ, ಆ ಬೆಲೆಯನ್ನು ಕಟ್ಟುವವನು ವಿಹಾರಕ್ಕೆ ಹೋಗುವವನೇ ಆಗಿದ್ದಾನೆ ಎಂಬುದಂತೂ ನಿಜ.

ಈಗ ಕರ್ನಾಟಕಕ್ಕೆ ಬರೋಣ. ಭಾರತದಲ್ಲಿ ಈ ವ್ಯಾಪಾರದ ದೊಡ್ಡ ಹೆಸರು 1996ರಲ್ಲಿ ಸ್ಥಾಪನೆಯಾದ ಮಹೀಂದ್ರಾ ಹಾಲಿಡೇಸ್ ಸಂಸ್ಥೆಯ ಕ್ಲಬ್ ಮಹೀಂದ್ರಾ. ಅದರ ಪ್ರಸಿದ್ಧ ಸದಸ್ಯತ್ವ 25 ವರ್ಷಗಳದ್ದು, ವರ್ಷಕ್ಕೆ 7 ದಿನ. ವರ್ಷವನ್ನು ನೇರಳೆ, ಕೆಂಪು, ಬಿಳಿ, ನೀಲಿ ಎಂಬ ನಾಲ್ಕು ಬಣ್ಣಗಳಾಗಿ ವಿಂಗಡಿಸಲಾಗಿದೆ. ನೇರಳೆಯೆಂದರೆ ಎಲ್ಲರೂ ಬಯಸುವ ದಿನಗಳು, ಅದಕ್ಕೆ ಹೆಚ್ಚಿನ ಬೆಲೆ. ಬೆಂಗಳೂರಿನ ಸದಸ್ಯ ಕುಟುಂಬದ ಮುಂದೆ ಗೋವಾದ ವಾರ್ಕಾ ಕಡಲತೀರವಿದೆ, ಕೊಡಗಿನಲ್ಲಿ ಮಡಿಕೇರಿ, ವಿರಾಜಪೇಟೆಗಳಿವೆ. ಥೀಮ್ ಪಾರ್ಕಿನ ಆಸೆಗೆ 2005ರಲ್ಲಿ ಬಿಡದಿಯ ಬಳಿ ತೆರೆದ ವಂಡರ್‌ಲಾ ಒಂದು ದಿನದ ದಾರಿ. ಅಂದರೆ ಅಮೆರಿಕದವನ ಎರಡು ಆಯ್ಕೆಗಳ ನಡುವೆ ಇಲ್ಲಿ ಮೂರನೆಯದೊಂದು ಸೇರಿಕೊಂಡಿದೆ: ಬೆಟ್ಟ. ಸದಸ್ಯತ್ವದ ಕಾರ್ಡಿಲ್ಲದವನೂ ಇಂದು ಇದೇ ಮನಸ್ಸಿನಿಂದಲೇ ಯೋಚಿಸುತ್ತಾನೆ. ಹೋದ ಸಲ ಗೋಕರ್ಣ ಆಯಿತು, ಈ ಸಲ ಚಿಕ್ಕಮಗಳೂರು.

ಆಯ್ಕೆ ಅವರದು, ಅದಕ್ಕೆ ಯಾರ ತಕರಾರೂ ಇಲ್ಲ. ಆದರೆ ಬೆಟ್ಟವನ್ನು ಆರಿಸಿಕೊಂಡವನು ಬೆಟ್ಟದಲ್ಲಿ ಹುಡುಕುವುದು ಬೆಟ್ಟವನ್ನಲ್ಲ. ಥೀಮ್ ಪಾರ್ಕನ್ನೂ ಕಡಲನ್ನೂ ಒಟ್ಟಿಗೆ ಹುಡುಕುತ್ತಾನೆ. ಅವನ ಅಭಿರುಚಿಯನ್ನು ಬಲ್ಲ ಉದ್ಯಮ ಎರಡನ್ನೂ ಕಟ್ಟಿಕೊಡುತ್ತದೆ. ಇಳಿಜಾರಿನ ಅಂಚಿಗೆ ಕಟ್ಟಿದ ಈಜುಕೊಳ ಅವನ ಕಡಲು. ಹುಲ್ಲುಗಾವಲನ್ನು ಸೀಳುವ ಜೀಪು, ಕಣಿವೆಯ ಮೇಲೆ ಜಾರುವ ತಂತಿ, ರಾತ್ರಿಯ ಶಿಬಿರಾಗ್ನಿ, ಧ್ವನಿವರ್ಧಕ, ಇವು ಅವನ ಥೀಮ್ ಪಾರ್ಕು. ಕಾಫಿ ತೋಟ ಈ ನಾಟಕದ ಹಿನ್ನೆಲೆಯ ಪರದೆ ಮಾತ್ರ.

ನಿಜವಾದ ಥೀಮ್ ಪಾರ್ಕಿಗೆ ಒಂದು ಮರ್ಯಾದೆಯಿದೆ ಎಂಬುದನ್ನು ಒಪ್ಪಲೇಬೇಕು. ಅದು ತನ್ನ ಜನಸಂದಣಿಯನ್ನು ತನ್ನ ಬೇಲಿಯೊಳಗೇ ಇಟ್ಟುಕೊಳ್ಳುತ್ತದೆ. ಯಂತ್ರ ಎಷ್ಟು ಭಾರ ತಾಳುತ್ತದೆಂದು ಎಂಜಿನಿಯರು ಲೆಕ್ಕ ಹಾಕಿರುತ್ತಾನೆ, ಅದಕ್ಕಿಂತ ಒಬ್ಬನನ್ನೂ ಹೆಚ್ಚಿಗೆ ಕೂರಿಸುವುದಿಲ್ಲ. ಬೆಟ್ಟದ ರೆಸಾರ್ಟು ಮಾರುವುದು ಕೊಠಡಿಯನ್ನು, ಆದರೆ ತೋರಿಸುವುದು ಮುಳ್ಳಯ್ಯನಗಿರಿಯನ್ನು. ಮುಳ್ಳಯ್ಯನಗಿರಿ ಯಾವ ರೆಸಾರ್ಟಿನದೂ ಅಲ್ಲ. ದೇವರಮನೆಯ ಹುಲ್ಲುಬೆಟ್ಟ, ಎತ್ತಿನಭುಜ, ರಾಣಿಝರಿ, ಚಾರ್ಮಾಡಿ ಘಾಟಿಯ ರಸ್ತೆ, ಇವೆಲ್ಲ ಸಾರ್ವಜನಿಕ ಸ್ವತ್ತು. ಲಾಭ ಬೇಲಿಯೊಳಗೆ, ಸಂದಣಿ ಬೇಲಿಯಾಚೆ.

ಸಂದಣಿ ಎಲ್ಲಿಗೆ ಮುಟ್ಟಿದೆಯೆಂಬುದಕ್ಕೆ ಸರ್ಕಾರದ ಕ್ರಮಗಳೇ ಸಾಕ್ಷಿ. ಕುದುರೆಮುಖ ಮತ್ತು ನೇತ್ರಾವತಿ ಶಿಖರಗಳ ಚಾರಣಕ್ಕೆ ಅರಣ್ಯ ಇಲಾಖೆ ದಿನಕ್ಕೆ 300 ಜನರ ಮಿತಿ ಹಾಕಬೇಕಾಯಿತು. 2025ರ ಸೆಪ್ಟೆಂಬರಿನಿಂದ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಭಾಗಕ್ಕೆ ಹೋಗುವ ಪ್ರವಾಸಿ ವಾಹನಗಳಿಗೆ ಜಿಲ್ಲಾಡಳಿತ ಆನ್‌ಲೈನ್ ನೋಂದಣಿಯನ್ನು ಕಡ್ಡಾಯ ಮಾಡಿ, ದಿನವನ್ನು ಎರಡು ಪಾಳಿಗಳಾಗಿ ಒಡೆಯಿತು. ಗಿರಿಯ ದಾರಿಗೆ ಪಾಳಿ! 2022ರಲ್ಲಿ ಚಂದ್ರದ್ರೋಣ ಶ್ರೇಣಿ ನೀಲಕುರಿಂಜಿಯಿಂದ ನೀಲಿಯಾದಾಗ ಬಂದ ವಾಹನಗಳ ಸಾಲನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಾರದು. ಕುರಿಂಜಿ ಹನ್ನೆರಡು ವರ್ಷಕ್ಕೊಮ್ಮೆ ಹೂ ಬಿಡುತ್ತದೆನ್ನುತ್ತಾರೆ. 25 ವರ್ಷಗಳ ಸದಸ್ಯನ ಪಾಲಿಗೆ ಅದು ಸಾಮಾನ್ಯವಾಗಿ ಎರಡು ಹೂವು.

ಬಣ್ಣಗಳ ಪಂಚಾಂಗವನ್ನು ಕಾಫಿಯ ಪಂಚಾಂಗದ ಪಕ್ಕದಲ್ಲಿಟ್ಟು ನೋಡಿದರೆ ಸಂಘರ್ಷ ಇನ್ನಷ್ಟು ಸ್ಪಷ್ಟವಾಗುತ್ತದೆ. ವಿಹಾರಿಗಳು ಮುಗಿಬೀಳುವುದು ದಸರೆಗೆ, ಡಿಸೆಂಬರಿನ ಕೊನೆಯ ವಾರಕ್ಕೆ, ಏಪ್ರಿಲ್ ಮತ್ತು ಮೇ ತಿಂಗಳ ಬೇಸಿಗೆ ರಜೆಗೆ. ಡಿಸೆಂಬರಿನಲ್ಲಿ ಅರೇಬಿಕಾ ಕೊಯ್ಲು ಭರದಲ್ಲಿರುತ್ತದೆ. ಕೂಲಿಯಾಳು ಸಿಗದೆ, ಹಣ್ಣು ಕಪ್ಪಾಗಿ ಉದುರುವ ಭಯದಲ್ಲಿ ಸಣ್ಣ ಬೆಳೆಗಾರ ಓಡಾಡುತ್ತಿರುವಾಗಲೇ ಊರಿನ ಯುವಕರು ಕೊಠಡಿ ಗುಡಿಸಲು, ಜೀಪು ಓಡಿಸಲು ಹೋಗಿರುತ್ತಾರೆ. ಅವರನ್ನು ದೂರಿ ಪ್ರಯೋಜನವಿಲ್ಲ. ತೋಟದ ಕೂಲಿ ಅವರನ್ನು ಹಿಡಿದಿಟ್ಟುಕೊಳ್ಳುವಷ್ಟಿಲ್ಲ. ಬೇಸಿಗೆಯ ಕಥೆ ಇದಕ್ಕಿಂತ ಗಂಭೀರ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ರೊಬಸ್ಟಾಕ್ಕೆ ಹೂಮಳೆ ಬೇಕು. ಅದು ಬಾರದಿದ್ದರೆ ತುಂತುರು ನೀರಾವರಿಗೆ ಹಳ್ಳದ ನೀರೇ ಗತಿ. ಹಳ್ಳ ಅತ್ಯಂತ ಬಡಕಲಾಗಿರುವ ಆ ವಾರಗಳಲ್ಲಿಯೇ ಈಜುಕೊಳ ತುಂಬಬೇಕು, ಹಾಸಿಗೆಯ ಬಟ್ಟೆ ದಿನವೂ ಒಗೆಯಬೇಕು, ಹುಲ್ಲುಹಾಸಿಗೆ ನೀರುಣಿಸಬೇಕು. ಕಡಲತೀರದ ವಸತಿಗೆ ನೀರು ಕಣ್ಣೆದುರಿನ ನೋಟ. ಬೆಟ್ಟದಲ್ಲಿ ಅದು ಕೆಳಗಿನ ಊರಿನ ಕುಡಿಯುವ ನೀರು. ಜಾವಳಿಯಲ್ಲಿ ಹುಟ್ಟುವ ಹೇಮಾವತಿಯಾಗಲಿ, ಗಂಗಾಮೂಲದಲ್ಲಿ ಹುಟ್ಟಿ ಕಳಸವನ್ನು ಹಾದುಹೋಗುವ ಭದ್ರೆಯಾಗಲಿ ಬೇಸಿಗೆಯಲ್ಲಿ ಹರಿಯುವುದು ಶೋಲಾ ಕಾಡೂ ಹುಲ್ಲುಗಾವಲೂ ಮಳೆಗಾಲದ ನೀರನ್ನು ಮಣ್ಣಿನಲ್ಲಿ ಹಿಡಿದಿಟ್ಟು ನಿಧಾನವಾಗಿ ಬಿಟ್ಟುಕೊಡುವುದರಿಂದ. ಜೀಪಿನ ಚಕ್ರ ಮಣ್ಣನ್ನು ಗಟ್ಟಿ ಮಾಡಿದಲ್ಲಿ ನೀರು ಇಂಗುವುದಿಲ್ಲ. ಮಳೆಗಾಲದಲ್ಲಿ ಅದೇ ಚಕ್ರದ ಜಾಡು ಕೊರಕಲಾಗುತ್ತದೆ.

ಇಳಿಜಾರಿನ ವಿಷಯ ಬಂದಾಗ ಎಚ್ಚರಿಕೆಯಿಂದ ಮಾತಾಡಬೇಕು. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಜಾರಿ ಮನೆ, ತೋಟಗಳು ಕೊಚ್ಚಿಹೋದವು. ಆ ಕುಸಿತಕ್ಕೆ ರೆಸಾರ್ಟೇ ಕಾರಣವೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ಕೆಲವೇ ದಿನಗಳಲ್ಲಿ ಸುರಿದ ಅತಿವೃಷ್ಟಿಯನ್ನು ನೆಲ ತಾಳಲಿಲ್ಲ. ಆದರೆ 2018ರಲ್ಲಿ ಕೊಡಗು, 2019ರಲ್ಲಿ ಮೂಡಿಗೆರೆ, 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಇವು ಒಂದು ಮಾತನ್ನಂತೂ ಹೇಳಿವೆ: ಈ ನೆಲ ಇನ್ನು ಹಳೆಯ ಲೆಕ್ಕದಂತೆ ನಿಲ್ಲುವುದಿಲ್ಲ. ಹೀಗಿರುವಾಗ ಇಳಿಜಾರನ್ನು ಕಡಿದು ಸಮತಟ್ಟು ಮಾಡಿ, ನೀರಿನ ಹಾದಿಯನ್ನು ಮುಚ್ಚಿ, ಅದರ ಮೇಲೆ ಕೊಳದ ಭಾರ ಹೇರುವುದಕ್ಕೆ ಏನೆನ್ನಬೇಕು? ವೀರೋ ಬೀಚ್‌ನಲ್ಲಿ ಚಂಡಮಾರುತದ ಬಾಬ್ತು ಸದಸ್ಯನ ಬಿಲ್ಲಿಗೆ ಸೇರಿತು. ಇಲ್ಲಿ ಗುಡ್ಡ ಜಾರಿದರೆ ವಿಹಾರಿ ಕೊಠಡಿಯನ್ನು ರದ್ದು ಮಾಡಿ ಬೇರೆ ಊರನ್ನು ಆರಿಸಿಕೊಳ್ಳುತ್ತಾನೆ. ಬಿಲ್ಲು ಹೋಗುವುದು ಪರಿಹಾರ ಕೇಂದ್ರದಲ್ಲಿ ಮಲಗಿದ ಸಂಸಾರಕ್ಕೆ.

ಪ್ರವಾಸೋದ್ಯಮದ ಪರ ವಾದಿಸುವವರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. 2000ದ ನಂತರದ ಎರಡು ಮೂರು ವರ್ಷ ಕಾಫಿ ಬೆಲೆ ನೆಲಕಚ್ಚಿದಾಗ, ಕಾಂಡಕೊರಕ ಅರೇಬಿಕಾವನ್ನು ಒಣಗಿಸುತ್ತಿದ್ದಾಗ, ಅನೇಕ ಬೆಳೆಗಾರರ ಮನೆ ಉಳಿದದ್ದು ಎರಡು ಕೋಣೆಯನ್ನು ಅತಿಥಿಗಳಿಗೆ ಬಿಟ್ಟುಕೊಟ್ಟದ್ದರಿಂದ. ಮನೆಯವರೇ ಅಡಿಗೆ ಮಾಡಿ ಬಡಿಸಿ, ತಮ್ಮ ಬಾವಿಯ ನೀರಿನ ಮಟ್ಟವನ್ನು ತಾವೇ ನೋಡುತ್ತಾ ನಡೆಸುವ ಹೋಂಸ್ಟೇಗೂ, ನಗರದ ಬಂಡವಾಳ ಇಡೀ ಗುಡ್ಡವನ್ನು ಕೊಂಡು ನಡೆಸುವ ವಿಹಾರಧಾಮಕ್ಕೂ ವ್ಯತ್ಯಾಸವಿದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಆದರೆ ಬಡತನದ ಆ ವಾದ ಈಗ ಮೊದಲಿನಷ್ಟು ಗಟ್ಟಿಯಾಗಿಲ್ಲ. 2024-25ರಲ್ಲಿ ಕಾಫಿ ಬೆಲೆ ಹಿಂದೆಂದೂ ಕಾಣದ ಎತ್ತರಕ್ಕೆ ಹೋಯಿತು, ಆದರೂ ಗುಡ್ಡ ಕಡಿಯುವುದು ನಿಂತಿಲ್ಲ. ಏಕೆಂದರೆ ಕಡಿಯುತ್ತಿರುವವರು ಬೆಲೆ ಕುಸಿತದಿಂದ ಸೋತ ಬೆಳೆಗಾರರಷ್ಟೇ ಅಲ್ಲ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿದ ಮೇಲೆ ಕೃಷಿಕರಲ್ಲದವರೂ ಕೃಷಿಭೂಮಿಯನ್ನು ಕೊಳ್ಳಬಹುದಾಗಿದೆ. ಅಂದಿನಿಂದ ತೋಟವನ್ನು ತುಂಡುಗಳಾಗಿ ಹಂಚಿ, ಕ್ಲಬ್ ಮನೆ ಕಟ್ಟಿ, ವಾರಾಂತ್ಯದ ಒಡೆತನವನ್ನು ಮಾರುವವರಿಗೆ ಬಾಗಿಲು ತೆರೆದಿದೆ. ಟೈಮ್‌ಶೇರ್ ಎಂಬ ಹೆಸರಿಲ್ಲದ ಟೈಮ್‌ಶೇರ್ ಇದು, ಜೊತೆಗೆ ಪಹಣಿ ಬೇರೆ.

ಕುದುರೆಮುಖದ ಗಣಿಗೆ ಒಂದು ಹೆಸರಿತ್ತು, ಒಂದು ಗುತ್ತಿಗೆಯಿತ್ತು. 2002ರಲ್ಲಿ ಸುಪ್ರೀಂ ಕೋರ್ಟಿನ ಆದೇಶ ಬಂದು, 2005ರ ಕೊನೆಗೆ ಗಣಿ ನಿಂತಿತು. ವಿಹಾರೋದ್ಯಮಕ್ಕೆ ಹಾಗೆ ಒಂದು ಹೆಸರಿಲ್ಲ, ನೂರು ಹೆಸರುಗಳಿವೆ. ಒಂದೊಂದೂ ಸಣ್ಣದು, ಒಂದೊಂದಕ್ಕೂ ಪ್ರತ್ಯೇಕ ಅನುಮತಿ. ಗಾಡ್ಗೀಳ್ ಸಮಿತಿ 2011ರಲ್ಲಿ ವರದಿ ಕೊಟ್ಟಿತು, ಕಸ್ತೂರಿರಂಗನ್ ಸಮಿತಿ 2013ರಲ್ಲಿ ಕೊಟ್ಟಿತು. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಎರಡನೆಯದನ್ನು ತಿರಸ್ಕರಿಸಿತು. ಆ ವರದಿಗಳ ಬಗ್ಗೆ ರೈತರಿಗಿದ್ದ ಭಯವನ್ನು ಮುಂದಿಟ್ಟುಕೊಂಡು ಗೆದ್ದವರಲ್ಲಿ ಗುಡ್ಡ ಕೊಂಡವರೂ ಇದ್ದಾರೆಂಬುದನ್ನು ಸಣ್ಣ ಹಿಡುವಳಿದಾರರು ಮರೆಯದಿರುವುದು ಒಳ್ಳೆಯದು.

ದೆಹಲಿ, ಬೆಂಗಳೂರುಗಳ ವರದಿಗೆ ಕಾಯದೆ ಊರಿನವರೇ ಮಾಡಬಹುದಾದ ಕೆಲಸವಿದೆ. ಕಟ್ಟಡಕ್ಕೂ ವ್ಯಾಪಾರಕ್ಕೂ ಪರವಾನಗಿ ಕೊಡುವುದು ಗ್ರಾಮ ಪಂಚಾಯಿತಿ. ಭೂಪರಿವರ್ತನೆಯ ಅರ್ಜಿ ಹೋಗುವುದು ಜಿಲ್ಲಾಧಿಕಾರಿಗೆ. ಈ ಎರಡು ಹಂತಗಳಲ್ಲಿ ಗ್ರಾಮಸಭೆ ಲಿಖಿತವಾಗಿ ಕೇಳಬೇಕು: ಏಪ್ರಿಲ್ ತಿಂಗಳಲ್ಲಿ ಈ ವಸತಿಗೆ ದಿನಕ್ಕೆ ಎಷ್ಟು ಲೀಟರ್ ನೀರು, ಅದು ಯಾವ ಹಳ್ಳದ್ದು? ಕೊಳಚೆ ಎಲ್ಲಿ ಇಂಗುತ್ತದೆ? ಕಡಿಯುವ ಇಳಿಜಾರಿನ ಕೆಳಗೆ ಎಷ್ಟು ಮನೆಗಳಿವೆ, ಗುಡ್ಡ ಜಾರಿದರೆ ನಷ್ಟ ತುಂಬಲು ಠೇವಣಿ ಎಲ್ಲಿದೆ?

ಮೊದಲ ಪ್ರಶ್ನೆಗೆ ಉತ್ತರವನ್ನು ಅರ್ಜಿದಾರನ ಕಾಗದದಲ್ಲಿ ಮಾತ್ರ ಹುಡುಕಬೇಕಾಗಿಲ್ಲ. ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಪುಟ್ಟ ಕಟ್ಟೆ ಹಾಕಿ, ನೀರೆಲ್ಲ ಒಂದೇ ಕೊಳವೆಯಲ್ಲಿ ಹರಿಯುವಂತೆ ಮಾಡಿ, ಅಳತೆ ಗೊತ್ತಿರುವ ಬಕೆಟು ಎಷ್ಟು ಸೆಕೆಂಡುಗಳಲ್ಲಿ ತುಂಬುತ್ತದೆಂದು ಗಡಿಯಾರ ನೋಡಿದರೆ ಹರಿವು ತಿಳಿಯುತ್ತದೆ. ಇಪ್ಪತ್ತು ಲೀಟರಿನ ಬಕೆಟು ಹತ್ತು ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ ಎರಡು ಲೀಟರ್. ಫೆಬ್ರವರಿಯಿಂದ ಮೇವರೆಗೆ ವಾರಕ್ಕೊಮ್ಮೆ ಇದನ್ನು ಮಾಡಲು ಪ್ರೌಢಶಾಲೆಯ ನಾಲ್ಕು ವಿದ್ಯಾರ್ಥಿಗಳು ಸಾಕು. ದಿನಾಂಕ, ಹೊತ್ತು, ಹಳ್ಳದ ಹೆಸರು, ಸೆಕೆಂಡುಗಳು, ಹಿಂದಿನ ವಾರ ಮಳೆಯಾಗಿತ್ತೇ ಎಂಬುದು, ಇಷ್ಟನ್ನು ಬರೆದಿಟ್ಟ ಪುಸ್ತಕವೊಂದು ಮುಂದಿನ ಅರ್ಜಿ ಬರುವ ಮೊದಲೇ ಪಂಚಾಯಿತಿಯ ಮೇಜಿನ ಮೇಲೆ ಇರಬೇಕು.