ಟೈನಮ್: ವಾಪಸ್ ಬರ್ತೀವಿ ಅಂದವರ ಊರು

ಇವತ್ತು ಸ್ವಲ್ಪ ಜಗಳದ ವಿಷಯ.

ಆನ್‌ಸೈಟ್ ಅಂತ ಇಂಗ್ಲೆಂಡಿನಲ್ಲಿದ್ದಾಗ ಒಂದು ಶನಿವಾರ ಡಾರ್ಸೆಟ್ ಕರಾವಳಿಯ ಟೈನಮ್ ಎಂಬ ಹಳ್ಳಿಗೆ ಹೋಗಿದ್ದೆ. ಹಳ್ಳಿ ಅಂದೆನಲ್ಲ, ಅಲ್ಲಿ ಒಂದು ನರಪಿಳ್ಳೆಯೂ ವಾಸವಿಲ್ಲ. ಸಾಲುಮನೆಗಳಿಗೆ ಸೂರಿಲ್ಲ. ಗಟ್ಟಿಯಾಗಿ ನಿಂತಿರೋದು ಚರ್ಚು ಮತ್ತು ಶಾಲೆ. ಸುತ್ತ ಸೈನ್ಯದ ಫೈರಿಂಗ್ ರೇಂಜ್ ಇರೋದರಿಂದ ಗುಂಡು ಹಾರಿಸದ ದಿನ, ಅಂದ್ರೆ ಹೆಚ್ಚಾಗಿ ವಾರಾಂತ್ಯಗಳಲ್ಲಿ, ಮಾತ್ರ ಒಳಗೆ ಬಿಡ್ತಾರೆ.

1943ರ ನವೆಂಬರ್‌ನಲ್ಲಿ ಊರವರಿಗೆ ಕಾಗದ ಬಂತು: ಸೈನ್ಯದ ತರಬೇತಿಗೆ ಜಾಗ ಬೇಕು, ತಿಂಗಳೊಳಗೆ ಖಾಲಿ ಮಾಡಿ. ಕ್ರಿಸ್‌ಮಸ್‌ಗೆ ಮೊದಲೇ ಸುಮಾರು 225 ಜನ ಹೊರಟರು. ಹೋಗುವಾಗ ಚರ್ಚಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದರು. ನಮ್ಮ ಮನೆಗಳನ್ನು ಜೋಪಾನವಾಗಿ ನೋಡಿಕೊಳ್ಳಿ, ಒಂದು ದಿನ ವಾಪಸ್ ಬರ್ತೀವಿ ಅನ್ನೋದು ಅದರ ಸಾರ.

ಯುದ್ಧ ಮುಗಿಯಿತು. 1948ರಲ್ಲಿ ಸರ್ಕಾರ ಆ ಜಮೀನನ್ನು ಕಡ್ಡಾಯವಾಗಿ ಖರೀದಿಸಿ ತಾನೇ ಇಟ್ಟುಕೊಂಡಿತು. ಊರಿನ ಬಹುತೇಕ ಮಂದಿ ಬಾಂಡ್ ಮನೆತನದ ಜಮೀನಿನಲ್ಲಿ ಬಾಡಿಗೆಗಿದ್ದವರು, ಮೀನು ಹಿಡಿಯೋರು, ಕೂಲಿಯವರು. ಮನೆ ಅವರ ಹೆಸರಲ್ಲಿರಲಿಲ್ಲ, ಹಾಗಾಗಿ ಮನೆಗೆ ಪರಿಹಾರವೂ ಇಲ್ಲ. ಸಿಕ್ಕಿದ್ದು ಹಿತ್ತಲಲ್ಲಿ ಬೆಳೆದ ತರಕಾರಿಯ ಬೆಲೆ! ತಲೆಮಾರುಗಳ ಊರಿಗೆ ಕೋಸು, ಆಲೂಗಡ್ಡೆಯ ಲೆಕ್ಕ.

ಇದನ್ನ ಆಫೀಸಿನ ಇಂಗ್ಲಿಷ್ ಗೆಳೆಯನ ಹತ್ತಿರ ಹೇಳಿದೆ. ಅವನು, "ಸೈನ್ಯ ಇದ್ದದ್ದೇ ಒಳ್ಳೇದಾಯ್ತು ಮಾರಾಯಾ, ಇಲ್ಲದಿದ್ರೆ ಅಲ್ಲಿ ಬರೀ ರೆಸಾರ್ಟ್ ಇರ್ತಿತ್ತು. ಆ ಊರು ಆಗಲೇ ಸೊರಗಿತ್ತು, ಮಕ್ಕಳಿಲ್ಲದೆ 1932ರಲ್ಲೇ ಶಾಲೆ ಮುಚ್ಚಿತ್ತು" ಅಂದ.

ಎರಡೂ ನಿಜವೇ. ಉಳುಮೆ ಇಲ್ಲ, ಗೊಬ್ಬರ ಇಲ್ಲ, ಆ ಗುಡ್ಡಗಳಲ್ಲಿ ಹೂವು-ಹಕ್ಕಿ ಚೆನ್ನಾಗೇ ಇವೆ. ಆದ್ರೆ ಊರು ಖಾಲಿ ಮಾಡಿಸಿದ್ದು ಹಕ್ಕಿಗಳಿಗೋಸ್ಕರ ಅಲ್ಲವಲ್ಲ! ಆಮೇಲೆ ಸಿಕ್ಕ ಲಾಭವನ್ನ ಮೊದಲಿನ ಮಾತಿಗೆ ವಜಾ ಹಾಕೋದು ಯಾವ ಲೆಕ್ಕ? ಮಕ್ಕಳು ಕಮ್ಮಿಯಾದ ಊರು ತಾನಾಗಿ ಖಾಲಿಯಾಗೋದು ಬೇರೆ, ಬೀಗ ಹಾಕಿಸಿಕೊಳ್ಳೋದು ಬೇರೆ. 1943ರ ಬಗ್ಗೆ ನನ್ನ ತಕರಾರಿಲ್ಲ, ಹಿಟ್ಲರ್ ಎದುರಿಗಿದ್ದ. ನನ್ನ ಸಿಟ್ಟು 1948ರ ಮೇಲೆ. ಅದಕ್ಕಿಂತ ಹೆಚ್ಚು 1974ರ ಮೇಲೆ. ಸರ್ಕಾರವೇ ನೇಮಿಸಿದ ಸಮಿತಿ ಹಿಂದಿನ ವರ್ಷ ಆ ರೇಂಜ್ ಬಿಟ್ಟುಕೊಡಿ ಅಂತ ವರದಿ ಕೊಟ್ಟಿದ್ದರೂ ಒಪ್ಪಲಿಲ್ಲ. ಆಗ ಯಾವ ಯುದ್ಧ ಇತ್ತು?

ಈಗ ಶಾಲೆಯನ್ನು ಅಂದವಾಗಿ ಮ್ಯೂಸಿಯಂ ಮಾಡಿದ್ದಾರೆ. ಎಲ್ಲರೂ ಫೋಟೋ ಹೊಡೀತಾರೆ, "ಕಾಲ ನಿಂತುಹೋದ ಊರು" ಅಂತಾರೆ. ನಾನೂ ಹೊಡೆದೆ, ಸುಳ್ಳು ಯಾಕೆ ಹೇಳಲಿ. ನಿಮ್ಮಲ್ಲಿ ಯಾರಾದ್ರೂ ಆ ಕಡೆ ಹೋಗಿ ಫೋಟೋ ಹಾಕಿದ್ರೆ, ಕೆಳಗೆ ಆ ತರಕಾರಿ ಲೆಕ್ಕವನ್ನೂ ಒಂದು ಸಾಲು ಬರೀರಿ.