ಬಿಡುಗಡೆಯ ಲೆಕ್ಕದಲ್ಲಿ ಬಿಟ್ಟುಹೋದವರು

ಕಳೆದ ಸ್ವಾತಂತ್ರ್ಯ ದಿನದಂದು ಮುಳಬಾಗಿಲು ಕಡೆಯ ಒಂದು ಶಾಲೆಗೆ ಧ್ವಜವಂದನೆಗೆಂದು ಹೋಗಿದ್ದೆ. ಮುಖ್ಯ ಅತಿಥಿಗಳು ಒಳ್ಳೆಯ ವಾಗ್ಮಿಗಳು. ಅವರ ಭಾಷಣದ ಸಾರ ಇಷ್ಟು: ಪುರಾತನ ನಂಬಿಕೆ ಗಟ್ಟಿಯಾಗಿದ್ದಷ್ಟು ಕಾಲ ಈ ನಾಡು ಸ್ವತಂತ್ರವಾಗಿತ್ತು, ಬೌದ್ಧರು ಅಹಿಂಸೆಯ ಹೆಸರಿನಲ್ಲಿ ನಮ್ಮ ಕ್ಷಾತ್ರವನ್ನು ಕುಂದಿಸಿದರು, ಆಮೇಲೆ ಪರಕೀಯರು ಬಂದರು, ಅವರ ಬೆನ್ನಿಗೆ ಪರಕೀಯ ಮತಗಳೂ ಬಂದವು, ಆದುದರಿಂದ ಹುಟ್ಟಿದ ಮತವನ್ನು ಬಿಟ್ಟವನು ಹುಟ್ಟಿದ ನಾಡನ್ನೂ ಬಿಟ್ಟಂತೆಯೇ. ಮಕ್ಕಳು ಚಪ್ಪಾಳೆ ತಟ್ಟಿದರು. ವೇದಿಕೆಯ ಮೇಲಿದ್ದ ನಾನೂ ಸೌಜನ್ಯಕ್ಕೆಂದು ಒಂದೆರಡು ಸಲ ಕೈ ತಟ್ಟಿದೆ.

ಸಭೆ ಮುಗಿದ ಮೇಲೆ ಮೊಮ್ಮಗನ ಕೈ ಹಿಡಿದಿದ್ದ ಹಿರಿಯರೊಬ್ಬರು ನನ್ನ ಬಳಿಗೆ ಬಂದರು. ಚಿನ್ನದ ಗಣಿಯಲ್ಲಿ ದುಡಿದು ನಿವೃತ್ತರಾದವರು. “ಫಾದರ್, ನಮ್ಮ ತಾತ ಮಾರಿಕುಪ್ಪಂನಲ್ಲಿ ಗಣಿಗೆ ಇಳೀತಿದ್ದ. ಮನೆಯಲ್ಲಿ ಬುದ್ಧರ ಪಟ ಇಟ್ಕೊಂಡಿದ್ದ. ಹಾಗಾದ್ರೆ ಅವನು ದೇಶ ಬಿಟ್ಟೋನಾ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಆ ಚಪ್ಪಾಳೆಗಾಗಿ ಈಗಲೂ ನಾಚುತ್ತೇನೆ. ಈ ಲೇಖನವನ್ನು ಅದರ ಪ್ರಾಯಶ್ಚಿತ್ತವೆಂದೇ ಓದುಗರು ಭಾವಿಸಬೇಕು.

ಮೊದಲು ಚರಿತ್ರೆಯ ಮಾತು. ಬೌದ್ಧರ ಅಹಿಂಸೆಯಿಂದ ನಾಡು ಪರರ ಪಾಲಾಯಿತು ಎಂಬುದು ನಿಜವೇ? ಇದೇ ಜಿಲ್ಲೆಯ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿಯ ಮಗ ಟಿಪ್ಪು 1799ರಲ್ಲಿ ಶ್ರೀರಂಗಪಟ್ಟಣದಲ್ಲಿ ಬಿದ್ದಾಗ ಇಂಗ್ಲಿಷರ ಪಕ್ಕದಲ್ಲಿ ನಿಂತಿದ್ದವನು ಹೈದರಾಬಾದಿನ ನಿಜಾಮ. ಅದಕ್ಕೂ ಮುಂಚೆ, 1792ರ ಯುದ್ಧದಲ್ಲಿ, ಮರಾಠರೂ ಅದೇ ಪಕ್ಷದಲ್ಲಿದ್ದರು. ಅಲ್ಲೆಲ್ಲ ಕತ್ತಿಯ ಕೊರತೆ ಇರಲಿಲ್ಲ, ಒಗ್ಗಟ್ಟಿನ ಕೊರತೆ ಇತ್ತು. ಬುದ್ಧನ ಕರುಣೆಗೂ ಆ ಸೋಲಿಗೂ ಯಾವ ಸಂಬಂಧ? ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ‘ಚಿಕವೀರ ರಾಜೇಂದ್ರ’ ಕಾದಂಬರಿಯನ್ನು ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1834ರಲ್ಲಿ ಕೊಡಗು ಕಂಪೆನಿಯ ವಶವಾದುದರ ಹಿಂದೆ ಅರಮನೆಯ ಒಳಗಿನ ಕೊಳೆತವೂ ಇತ್ತೆಂಬುದನ್ನು ಆ ಕೃತಿ ಮರೆಮಾಚುವುದಿಲ್ಲ.

ಇನ್ನು ನಮ್ಮ ಚಿನ್ನದ ನೆಲದ ಕಥೆ. ಮೈಸೂರು ಸಂಸ್ಥಾನ 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು. ಆ ಅವಧಿಯಲ್ಲಿಯೇ, 1875ರಲ್ಲಿ, ಲಾವೆಲ್ ಎಂಬ ನಿವೃತ್ತ ಸೈನಿಕನಿಗೆ ಇಲ್ಲಿ ಚಿನ್ನ ಅಗೆಯುವ ಪರವಾನಗಿ ದೊರಕಿತು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪೆನಿ ಗಣಿಗಳ ಹೊಣೆ ಹೊತ್ತಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕಾವೇರಿಯ ದಡದಿಂದ ಇಲ್ಲಿಗೆ ಹರಿದುಬಂತು. ಬೆಂಗಳೂರಿನ ಬೀದಿಗೆ ದೀಪ ಬರುವುದಕ್ಕೆ ಮುಂಚೆಯೇ ಗಣಿಯ ಯಂತ್ರಗಳಿಗೆ ಶಕ್ತಿ ಬಂದಿತ್ತು. ಚಿನ್ನ ಹಡಗು ಹತ್ತಿತು. ಅದನ್ನು ಮೇಲಕ್ಕೆ ತಂದವರ ಎದೆಯಲ್ಲಿ ಕಲ್ಲಿನ ಧೂಳು ಉಳಿಯಿತು.

ಯಾರು ಅವರು? ಬಹುಪಾಲು ಉತ್ತರ ಆರ್ಕಾಟಿನ ಕಡೆಯಿಂದ ಬಂದ, ಊರಿನ ಹೊರಗೆ ಬದುಕಿದ್ದ, ಜಮೀನ್ದಾರನ ಹೊಲದಲ್ಲಿ ಜೀತಕ್ಕೆ ಬಿದ್ದಿದ್ದ ದಲಿತರು. ಅವರ ನಡುವೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಒಂದು ಬೆಳಕು ಬಂತು. ಮದರಾಸಿನಲ್ಲಿ 1898ರಲ್ಲಿ ಪಂಡಿತ ಅಯೋಧ್ಯಾದಾಸರು ಶಾಕ್ಯ ಬೌದ್ಧ ಸಂಘವನ್ನು ಸ್ಥಾಪಿಸಿದರು. 1907ರಲ್ಲಿ ಕಾಸಿಗೊಂದರಂತೆ ಮಾರುವ ವಾರಪತ್ರಿಕೆಯನ್ನು ಆರಂಭಿಸಿದರು. ಆ ಸಂಘದ ಶಾಖೆ ಮಾರಿಕುಪ್ಪಂನಲ್ಲಿ ಹುಟ್ಟಿತು. 1914ರಲ್ಲಿ ಪಂಡಿತರು ತೀರಿಕೊಂಡ ಮೇಲೂ ಅವರ ಬರಹಗಳನ್ನು ಪುಸ್ತಕ ಮಾಡಿ ಉಳಿಸಿದ್ದು ಚಿನ್ನದ ಗಣಿಯ ಸಿದ್ಧಾರ್ಥ ಮುದ್ರಣಾಲಯ. ನೆಲದ ಅಡಿಯಲ್ಲಿ ಸುತ್ತಿಗೆ ಹಿಡಿದ ಕೈಗಳು ಕೂಲಿಯ ಕಾಸು ಕೂಡಿಟ್ಟು ಅಚ್ಚಿನ ಮೊಳೆಗಳನ್ನು ಕೊಂಡುವು! ನಮ್ಮ ಜಿಲ್ಲೆಯ ಮಕ್ಕಳಿಗೆ ಇದನ್ನು ಯಾವ ಪಾಠದಲ್ಲಿ ಹೇಳಿಕೊಡುತ್ತಿದ್ದೇವೆ?

ಅಯೋಧ್ಯಾದಾಸರು ಸ್ವದೇಶಿ ಚಳುವಳಿಯವರನ್ನು ಕಟುವಾಗಿ ಟೀಕಿಸಿದರು ಎಂಬುದು ನಿಜ. ಅದೇ ಕಾರಣಕ್ಕೆ ಅವರನ್ನು ಬ್ರಿಟಿಷರ ಪಕ್ಷಪಾತಿ ಎಂದು ಬದಿಗೊತ್ತುವವರಿದ್ದಾರೆ. ಆದರೆ ಅವರ ಪ್ರಶ್ನೆಯನ್ನು ಒಮ್ಮೆ ಕೇಳಿಸಿಕೊಳ್ಳೋಣ. ವಿದೇಶಿ ಬಟ್ಟೆಯನ್ನು ಬೀದಿಯಲ್ಲಿ ಸುಡುವವನು ತನ್ನ ಬಾವಿಯ ನೀರನ್ನು ನೆರೆಯವನಿಗೆ ಮುಟ್ಟಗೊಡದಿದ್ದರೆ, ಬಿಳಿಯನು ಹೋದ ಮೇಲೆ ಆ ನೆರೆಯವನಿಗೆ ಸಿಗುವುದು ಏನು? ಈ ಪ್ರಶ್ನೆ ಸ್ವಾತಂತ್ರ್ಯಕ್ಕೆ ವಿರೋಧವಾದದ್ದಲ್ಲ. ಸ್ವಾತಂತ್ರ್ಯ ಪೂರ್ಣವಾಗಿರಬೇಕೆಂಬ ಹಟದಿಂದ ಹುಟ್ಟಿದ್ದು.

ಹಾಗೆಂದು ಕಂಪೆನಿಯ ಆಳ್ವಿಕೆ ಈ ಜನರಿಗೆ ವಿಮೋಚನೆ ತಂದಿತು ಎನ್ನುವವರ ಮಾತಿಗೂ ನಾನು ತಲೆದೂಗಲಾರೆ. ನಮ್ಮ ಕ್ರೈಸ್ತ ವಲಯದಲ್ಲಿಯೇ ಇಂಥ ಮಾತು ಆಗಾಗ ಕೇಳಿಬರುತ್ತದೆ. 1930ರಲ್ಲಿ ಕಳ್ಳರಿಂದ ಪಡೆಯುವಂತೆ ಕಾರ್ಮಿಕರ ಬೆರಳಚ್ಚು ಪಡೆಯಲು ಹೊರಟಾಗ ಇಡೀ ಗಣಿಪ್ರದೇಶ ಕೆಲಸ ನಿಲ್ಲಿಸಿತು. 1946ರ ನವೆಂಬರ್ 4ರಂದು ಮುಷ್ಕರನಿರತ ಕಾರ್ಮಿಕರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಆರು ಜನ ಪ್ರಾಣ ತೆತ್ತರು. ಸ್ವಾತಂತ್ರ್ಯಕ್ಕೆ ಆಗ ಇನ್ನು ಒಂಬತ್ತೇ ತಿಂಗಳು. ಜಮೀನ್ದಾರನಿಂದ ತಪ್ಪಿಸಿಕೊಂಡು ಬಂದವನಿಗೆ ಗಣಿ ಕೂಲಿಯನ್ನು ಕೊಟ್ಟಿತೇ ಹೊರತು ಗೌರವವನ್ನಲ್ಲ. ಗೌರವವನ್ನು ಅವನೇ ಹುಡುಕಿಕೊಳ್ಳಬೇಕಾಯಿತು: ಒಂದು ಕೈಯಿಂದ ಸಂಘ ಕಟ್ಟಿ, ಇನ್ನೊಂದು ಕೈಯಿಂದ ಪುಸ್ತಕ ಹಿಡಿದು.

ವಿದುರಾಶ್ವತ್ಥವನ್ನೂ ಇಲ್ಲಿ ನೆನೆಯಬೇಕು. ಗೌರಿಬಿದನೂರು ತಾಲ್ಲೂಕಿನ ಆ ಊರು 2007ರವರೆಗೆ ಕೋಲಾರ ಜಿಲ್ಲೆಯದೇ. 1938ರ ಏಪ್ರಿಲ್ 25ರಂದು ಅಲ್ಲಿ ರಾಷ್ಟ್ರಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಗುಂಡು ಸುರಿಯಿತು. ಹಾರಿಸಿದವರು ಯಾರು? ಲಂಡನ್ನಿನಿಂದ ಬಂದ ಸಿಪಾಯಿಗಳಲ್ಲ, ಮೈಸೂರು ಸಂಸ್ಥಾನದ ನಮ್ಮದೇ ಪೊಲೀಸರು. 1947ರ ಆಗಸ್ಟ್ 15 ಕಳೆದ ಮೇಲೂ ಮೈಸೂರಿನ ಪ್ರಜೆಗಳು ಜವಾಬ್ದಾರಿ ಸರ್ಕಾರಕ್ಕಾಗಿ ಮತ್ತೆ ಬೀದಿಗಿಳಿಯಬೇಕಾಯಿತು. ಅಕ್ಟೋಬರ್ 25ರಂದು ಇದೇ ಜಿಲ್ಲೆಯ ಕ್ಯಾಸಂಬಳ್ಳಿಯ ಕೆ. ಸಿ. ರೆಡ್ಡಿಯವರು ಪ್ರಮಾಣವಚನ ಸ್ವೀಕರಿಸಿದಾಗ ಆ ಹೋರಾಟ ಫಲ ಕಂಡಿತು. ಮುಳಬಾಗಿಲಿನಲ್ಲಿ ಹುಟ್ಟಿದ ಡಿ. ವಿ. ಗುಂಡಪ್ಪನವರು ಸಂಸ್ಥಾನಗಳ ಪ್ರಜೆಗಳ ಹಕ್ಕಿನ ಕುರಿತು ಅದಕ್ಕೂ ದಶಕಗಳ ಮೊದಲೇ ಬರೆದಿದ್ದರು. ಅಂದರೆ ದಬ್ಬಾಳಿಕೆಗೆ ಒಂದೇ ಬಣ್ಣವಿಲ್ಲ, ಒಂದೇ ಮತವೂ ಇಲ್ಲ. ಇದನ್ನು ಕೋಲಾರದವರಷ್ಟು ಚೆನ್ನಾಗಿ ಬಲ್ಲವರು ಕಡಿಮೆ.

ಹಿಂದೂ ನಂಬಿಕೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿಯೇ ಹಿಂದೂ ಮತ್ತು ಬೌದ್ಧ ಧರ್ಮಗಳಲ್ಲಿರುವ ಸತ್ಯವನ್ನೂ ಪಾವಿತ್ರ್ಯವನ್ನೂ ಗೌರವಿಸುವಂತೆ ನಮಗೆ ಕಲಿಸಿದೆ. ಮುಳಬಾಗಿಲಿನ ಶ್ರೀಪಾದರಾಜರು ಸಂಸ್ಕೃತ ಬಲ್ಲವರಾಗಿದ್ದೂ ಕನ್ನಡದಲ್ಲಿ ಹಾಡಿದರು. ದೇವರನ್ನು ಜನರ ಮಾತಿಗೆ ತಂದರು. ಶ್ರೀವೈಷ್ಣವ ಮನೆತನದ ಮಾಸ್ತಿಯವರು ಬುದ್ಧನ ಮಡದಿಯ ಅಳಲನ್ನು ‘ಯಶೋಧರಾ’ ನಾಟಕವಾಗಿಸಿದರು. ಬುದ್ಧ ಅವರಿಗೆ ಪರಕೀಯನಾಗಿ ಕಾಣಲಿಲ್ಲ. ಈ ನೆಲದ ಹಿಂದೂ ಮನಸ್ಸು ಇಷ್ಟು ವಿಶಾಲವಾಗಿತ್ತು. ಹಾಗಿರುವಾಗ ಆ ಶಾಲೆಯ ಅತಿಥಿಗಳು ಯಾವ ಪರಂಪರೆಯ ಪರವಾಗಿ ಮಾತನಾಡಿದರು?

ಬಾವಿಯ ಪ್ರಶ್ನೆ ಹಳೆಯದಾಯಿತು ಎನ್ನುವವರು 2000ದ ಮಾರ್ಚ್ 11ನ್ನು ನೆನೆಯಲಿ. ಅಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಆರೋಪಿಗಳೆಲ್ಲ ಖುಲಾಸೆಯಾದರು. 2022ರಲ್ಲಿ ಮಾಲೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ಉತ್ಸವದ ದೇವರ ಕೋಲನ್ನು ಮುಟ್ಟಿದ ದಲಿತ ಬಾಲಕನ ಮನೆಗೆ ಅರವತ್ತು ಸಾವಿರ ರೂಪಾಯಿ ದಂಡ ವಿಧಿಸಿದರು. ಆ ತಾಯಿ ಮನೆಯ ದೇವರ ಪಟಗಳನ್ನು ಇಳಿಸಿ ಅಂಬೇಡ್ಕರರ ಪಟವನ್ನು ಇಟ್ಟರು. ಯಾವ ಪರದೇಶದ ಪ್ರಚಾರಕನೂ ಅವರ ಕಿವಿಯಲ್ಲಿ ಏನನ್ನೂ ಊದಿರಲಿಲ್ಲ. ಆ ಪಟಗಳನ್ನು ಇಳಿಸುವಂತೆ ಮಾಡಿದ್ದು ದಂಡ ಹಾಕಿದವರ ಕೈ. ಮಾರಿಕುಪ್ಪಂನ ಗೋಡೆಯ ಮೇಲೆ ಒಂದು ಶತಮಾನದ ಹಿಂದೆ ಬುದ್ಧನ ಪಟ ಏರಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಇನ್ನೊಬ್ಬರ ಕಣ್ಣಿನ ಕಸವನ್ನು ತೋರಿಸುವ ನಾವು ನಮ್ಮ ಕಣ್ಣಿನ ತೊಲೆಯನ್ನೂ ನೋಡಿಕೊಳ್ಳಬೇಕು. 1871ರಲ್ಲಿ ಐವತ್ತು ಲಕ್ಷ ಮೀರಿದ್ದ ಮೈಸೂರಿನ ಜನಸಂಖ್ಯೆ 1876–78ರ ಕ್ಷಾಮದ ತರುವಾಯ, 1881ರಲ್ಲಿ, ಸುಮಾರು ನಲವತ್ತೆರಡು ಲಕ್ಷಕ್ಕಿಳಿಯಿತು. ಆಗ ಕೋಲಾರದಲ್ಲಿ ಮಿಷನರಿಗಳು ಅನಾಥ ಮಕ್ಕಳಿಗೆ ಅನ್ನವಿಟ್ಟರು. ಅದು ಸತ್ಕಾರ್ಯವೇ. ಆದರೆ ಅದೇ ಕಾಲದ ಬ್ರಿಟಿಷ್ ಆಡಳಿತದ ಲೋಪವನ್ನು ಎತ್ತಿ ಹೇಳಿದ ಪ್ರವಚನಗಳು ನಮ್ಮ ಪೀಠಗಳಿಂದ ಎಷ್ಟು ಹೊರಟವು? ಜ್ಞಾನಸ್ನಾನ ಪಡೆದವರೊಳಗೂ ಜಾತಿಯ ಸಾಲುಗಳು ಬೇರೆ, ಸಮಾಧಿಯ ನೆಲ ಬೇರೆ ಎಂಬ ಅವಮಾನ ದಕ್ಷಿಣ ಭಾರತದ ದೇವಾಲಯಗಳಲ್ಲಿ ನಡೆದುಬಂದಿದೆ. ಭಾರತದ ಧರ್ಮಾಧ್ಯಕ್ಷರ ಮಂಡಳಿಯೇ 2016ರ ತನ್ನ ದಲಿತ ನೀತಿಯಲ್ಲಿ ಈ ಪಾಪವನ್ನು ಒಪ್ಪಿಕೊಂಡಿತು. ಒಪ್ಪಿಕೊಂಡ ಪಾಪಕ್ಕೆ ಪರಿಹಾರ ಕ್ರಿಯೆಯೂ ಬೇಕೆಂದು ಪಾಪನಿವೇದನೆಯ ಪೀಠದಲ್ಲಿ ನಾವೇ ಬೋಧಿಸುತ್ತೇವಲ್ಲವೇ?

ಗಣಿಯ ಆ ತಾತನ ಮಕ್ಕಳ ಕಡೆಗೆ ಸ್ವತಂತ್ರ ಭಾರತವೂ ಸರಿಯಾಗಿ ನೋಡಲಿಲ್ಲ. 1950ರ ರಾಷ್ಟ್ರಪತಿಗಳ ಆದೇಶ ಪರಿಶಿಷ್ಟ ಜಾತಿಯ ಮಾನ್ಯತೆಯನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. ಸಿಖ್ಖರು 1956ರಲ್ಲಿ ಸೇರಿದರು. ಬೌದ್ಧರು 1990ರವರೆಗೆ, ನಲವತ್ತು ವರ್ಷ, ಕಾಯಬೇಕಾಯಿತು. ದಲಿತ ಕ್ರೈಸ್ತರಿಗೂ ಮುಸಲ್ಮಾನರಿಗೂ ಆ ಆದೇಶದಲ್ಲಿ ಸ್ಥಳ ದೊರೆತಿಲ್ಲ. ಒಬ್ಬ ತಾತನಿಗೆ ಮೂವರು ಮೊಮ್ಮಕ್ಕಳಿದ್ದು, ಒಬ್ಬನು ಹನುಮಂತನಿಗೆ, ಒಬ್ಬನು ಬುದ್ಧನಿಗೆ, ಒಬ್ಬನು ಕ್ರಿಸ್ತನಿಗೆ ಕೈಮುಗಿದರೆ, ಮೂವರ ಬೆನ್ನಿನ ಮೇಲಿರುವ ಬಾಸುಂಡೆ ಒಂದೇ. ಕಾನೂನಿಗೆ ಕಾಣುವುದು ಮಾತ್ರ ಇಬ್ಬರದು. ಮತಕ್ಕೂ ದೇಶಪ್ರೇಮಕ್ಕೂ ಗಂಟುಹಾಕುವ ಆ ಭಾಷಣ ಬರಿಯ ಭಾಷಣವಾಗಿ ಉಳಿಯುವುದಿಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಇಂದು ಅದರ ಬೂದುಬಣ್ಣದ ಮಣ್ಣುಗುಡ್ಡಗಳು ಮಾತ್ರ ನಿಂತಿವೆ. ಮಾಲೂರಿನ ಕಾರ್ಖಾನೆಗಳಿಗೂ ಶ್ರೀನಿವಾಸಪುರದ ಮಾವಿನ ತೋಪುಗಳಿಗೂ ಕೂಲಿಗೆ ಹೋಗುವ ತರುಣರಲ್ಲಿ ಎಷ್ಟು ಮಂದಿಗೆ ಸಿದ್ಧಾರ್ಥ ಮುದ್ರಣಾಲಯದ ಹೆಸರು ಗೊತ್ತಿದೆ? ಅದನ್ನು ಹೇಳುವ ಹೊಣೆ ನಮ್ಮದು. ನಮ್ಮ ಶಾಲೆಗಳಿವೆ, ನಮ್ಮ ವೇದಿಕೆಗಳಿವೆ. ವಿದುರಾಶ್ವತ್ಥದ ಹುತಾತ್ಮರೊಡನೆ 1946ರ ಆ ಆರು ಕಾರ್ಮಿಕರನ್ನೂ, ಅವರೊಡನೆ ಅಚ್ಚಿನ ಮೊಳೆ ಜೋಡಿಸಿದ ಗಣಿಯ ಬೌದ್ಧರನ್ನೂ ನಮ್ಮ ಮಕ್ಕಳು ನೆನೆಯಲಿ. ಅವರು ನಮ್ಮ ಮತದವರಲ್ಲ ಎಂಬ ಕಾರಣಕ್ಕೆ ನಾವು ಹಿಂಜರಿದರೆ, ದಾರಿಯಲ್ಲಿ ಬಿದ್ದವನನ್ನು ಕಂಡು ಆಚೆಯ ಬದಿಯಿಂದ ಹೋದ ಯಾಜಕನಿಗೂ ನನಗೂ ಭೇದವಿಲ್ಲ.

ಆ ಹಿರಿಯರಿಗೆ ಅಂದು ಕೊಡಲಾಗದ ಉತ್ತರವನ್ನು ಇಂದು ಕೊಡುತ್ತೇನೆ. ನಿಮ್ಮ ತಾತ ದೇಶ ಬಿಟ್ಟವರಲ್ಲ, ಅಪ್ಪಾ. ದೇಶವೇ ಅವರನ್ನು ಹೊರಗಿಟ್ಟಿತ್ತು. ಒಳಗೆ ಬರಲು ಅವರು ಬುದ್ಧನ ಬಾಗಿಲನ್ನು ತಟ್ಟಿದರು. ಮುಂದಿನ ಆಗಸ್ಟ್ 15ರಂದು ನನ್ನನ್ನು ಕರೆದರೆ, ಈ ಮಾತನ್ನು ವೇದಿಕೆಯ ಮೇಲೆಯೇ ಹೇಳುತ್ತೇನೆ.